ಸರಿಯಾದ ದೂರ ಇದ್ದರೆ ಸಾಕಾ?

ಯುವಜನರ ಆರಾಧನೆಯ ಸಂದೇಶ
ಓದುವ ಭಾಗ: ಕೀರ್ತನೆಗಳು 8, ಕೊಲೊಸ್ಸೆಯವರಿಗೆ 1:15–20

  

ಡಿಸೆಂಬರ್ ಕ್ಯಾಂಪಿಗೆ ಕೊಪ್ಪಕ್ಕೆ ಬಂದವರು ಕೈ ಎತ್ತಿ. ಎರಡನೇ ರಾತ್ರಿ ಕರೆಂಟ್ ಹೋಯ್ತು, ನೆನಪಿದೆಯಾ? ಮೊದಲು ಎಲ್ಲರೂ ಮೊಬೈಲ್ ಟಾರ್ಚ್ ಹಾಕಿದ್ರಿ. ಆಮೇಲೆ ಯಾರೋ ಅಂಗಳಕ್ಕೆ ಹೋಗಿ ಮೇಲೆ ನೋಡಿದ್ರು. ಒಂದೇ ನಿಮಿಷದಲ್ಲಿ ಎಲ್ಲಾ ಟಾರ್ಚೂ ಆಫ್. ಬೆಂಗಳೂರಲ್ಲಿ ಬೆರಳೆಣಿಕೆಯಷ್ಟು ನಕ್ಷತ್ರ ನೋಡುವ ನಾವು, ಅಡಿಕೆ ಮರಗಳ ಮೇಲೆ ತುಂಬಿದ ಆಕಾಶ ಕಂಡು ಸುಮ್ಮನಾಗಿಬಿಟ್ಟೆವು. ಆಗ ಒಬ್ಬ ತಂಗಿ ಮೆಲ್ಲಗೆ ಕೇಳಿದಳು: "ಪಾಸ್ಟರ್, ಅಲ್ಲಿ ಎಲ್ಲಾದ್ರೂ ನಮ್ಮ ಭೂಮಿ ತರಹದ್ದು ಇನ್ನೊಂದು ಇರಬಹುದಾ? ಅಲ್ಲೂ ಯಾರಾದ್ರೂ ಇದ್ರೆ, ಯೇಸಪ್ಪ ಅವರಿಗೋಸ್ಕರಾನೂ ಸತ್ತರಾ?"

ಆ ರಾತ್ರಿ ನಾನು ಉತ್ತರ ಕೊಡಲಿಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ.

2017ರಲ್ಲಿ ನಾನು ನರಸಿಂಹರಾಜಪುರದ ಕಡೆ ಒಂದು ಚಿಕ್ಕ ಸಭೆಯಲ್ಲಿ ಸೇವೆ ಮಾಡ್ತಿದ್ದೆ. ಎಸ್ಸೆಸ್ಸೆಲ್ಸಿ ಓದುವ ಒಬ್ಬ ಹುಡುಗ ಪೇಪರ್ ಕಟಿಂಗ್ ಹಿಡ್ಕೊಂಡು ಬಂದ. ಒಂದೇ ನಕ್ಷತ್ರದ ಸುತ್ತ ಭೂಮಿಯಷ್ಟೇ ದೊಡ್ಡ ಏಳು ಗ್ರಹಗಳು ಸಿಕ್ಕಿವೆ ಅನ್ನೋ ಸುದ್ದಿ. ಇದೇ ಪ್ರಶ್ನೆ ಕೇಳಿದ. ನಾನು ಎಲ್ಲರ ಮುಂದೆ ಗದರಿಸಿದೆ: "ಇದೆಲ್ಲಾ ನಂಬಿಕೆ ಕೆಡಿಸೋ ಮಾತು. ಹೋಗಿ ಬೈಬಲ್ ಓದು." ಅವನು ಆ ಕಟಿಂಗ್ ಮಡಚಿ ಜೇಬಿಗೆ ಹಾಕ್ಕೊಂಡ. ಮುಂದಿನ ಭಾನುವಾರ ಅವನ ತಾಯಿ ಒಬ್ಬರೇ ಬಂದರು. ಆಮೇಲೆ ಎಲ್ಲಾ ಭಾನುವಾರವೂ ಅವರು ಒಬ್ಬರೇ.

ಪ್ರಿಯರೇ, ನನಗೆ ದೇವರ ಮೇಲೆ ನಂಬಿಕೆ ಇತ್ತು, ಆದರೆ ಪ್ರಶ್ನೆಯ ಮೇಲೆ ಭಯವೂ ಇತ್ತು. ಆ ಭಯವನ್ನು ನಾನು ಭಕ್ತಿ ಅಂತ ಕರೆದೆ. ಕರ್ತನು ನನ್ನನ್ನು ಕ್ಷಮಿಸಲಿ.

ಅವನು ತಂದ ಸುದ್ದಿಯನ್ನು ನಾನು ಆಮೇಲೆ ಕೂತು ಓದಿದೆ. ಆ ನಕ್ಷತ್ರದ ಹೆಸರು ಟ್ರ್ಯಾಪಿಸ್ಟ್-1. ಕುಂಭ ರಾಶಿಯ ಕಡೆ, ಸುಮಾರು 40 ಜ್ಯೋತಿರ್ವರ್ಷ ದೂರ. ಗುರು ಗ್ರಹಕ್ಕಿಂತ ಸ್ವಲ್ಪವೇ ದೊಡ್ಡದಾದ ಕೆಂಪು ನಕ್ಷತ್ರ. ಗ್ರಹ ಅದರ ಮುಂದೆ ಹಾದುಹೋದಾಗ ಬೆಳಕು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಮಂಕಾಗುತ್ತೆ. ಆ ಮಂಕನ್ನು ಅಳೆದೇ ಅವುಗಳನ್ನು ಕಂಡುಹಿಡಿದರು. 2016ರಲ್ಲಿ ಮೊದಲ ಗ್ರಹಗಳ ಸುದ್ದಿ ಬಂತಲ್ಲ, ಆ ಅಧ್ಯಯನದಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪೂ ಸೇರಿತ್ತು. ಅದು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರದ್ದು. ಅದನ್ನು ನಡೆಸೋದು ಎಲ್ಲಿಂದ ಗೊತ್ತಾ? ಇಲ್ಲೇ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ! ನಾನು ಸೈತಾನನ ಕಡೆಯದ್ದು ಅಂದುಕೊಂಡಿದ್ದು ನಮ್ಮ ಪಕ್ಕದ ಊರಿನವರು ತಾಳ್ಮೆಯಿಂದ ಮಾಡಿದ ಕೆಲಸ.

ಆ ಏಳರಲ್ಲಿ ಮೂರು ಗ್ರಹಗಳು ನೀರು ದ್ರವವಾಗಿ ನಿಲ್ಲಬಹುದಾದಷ್ಟು ದೂರದಲ್ಲಿವೆ. ಹೆಚ್ಚು ಬಿಸಿಯೂ ಅಲ್ಲ, ಹೆಚ್ಚು ತಂಪೂ ಅಲ್ಲ. ದೂರದ ಬೆಲೆ ಮಲೆನಾಡಿನವರಿಗೆ ಗೊತ್ತು. ಶೃಂಗೇರಿಯಲ್ಲಿ ಸುರಿಯುವಷ್ಟು ಮಳೆ ನರಸಿಂಹರಾಜಪುರದಲ್ಲಿ ಸುರಿಯಲ್ಲ. ತಗ್ಗಿನಲ್ಲಿ ಬದುಕೋ ಅಡಿಕೆ ಬೋಳು ಗುಡ್ಡದ ನೆತ್ತಿಯಲ್ಲಿ ಬದುಕಲ್ಲ.

ಆದರೆ ದೂರ ಒಂದೇ ಸರಿ ಇದ್ದರೆ ಸಾಕಾ? ಸಾಲದು. ಗಾಳಿಯ ಹೊದಿಕೆ ಬೇಕು. 2023ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ಆ ನಕ್ಷತ್ರಕ್ಕೆ ತೀರಾ ಹತ್ತಿರದ ಗ್ರಹವನ್ನು ಅಳೆಯಿತು. ಹಗಲಿನ ಬದಿ ಸುಮಾರು 230 ಡಿಗ್ರಿ ಸೆಲ್ಸಿಯಸ್. ಹೇಳಿಕೊಳ್ಳುವಂಥ ವಾತಾವರಣದ ಗುರುತಿಲ್ಲ. ಇಂಥ ಕೆಂಪು ನಕ್ಷತ್ರಗಳು ಆಗಾಗ ಸಿಡಿದು, ಹತ್ತಿರದ ಗ್ರಹಗಳ ಗಾಳಿಯನ್ನೇ ಕಿತ್ತೊಯ್ಯಬಲ್ಲವು. ಸರಿಯಾದ ದೂರದಲ್ಲಿರುವ ಆ ಮೂರು ಗ್ರಹಗಳ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ಅಲ್ಲಿ ಗಾಳಿ ಉಳಿದಿದೆಯಾ?

ಈಗ ಆ ತಂಗಿಯ ಪ್ರಶ್ನೆಗೆ ಬರ್ತೀನಿ. ಅಲ್ಲಿ ಜೀವ ಇದೆಯಾ ಅಂತ ಸತ್ಯವೇದ ಹೇಳಿಲ್ಲ. ಹೇಳದ್ದನ್ನು ನಾವು ಹೇಳಿಸಬಾರದು. ಯೋಹಾನ 10ರಲ್ಲಿ ಯೇಸು ಬೇರೆ ಹಟ್ಟಿಯ ಕುರಿಗಳ ಬಗ್ಗೆ ಮಾತಾಡಿದ್ದನ್ನು ಕೆಲವರು ಇದಕ್ಕೆ ಜೋಡಿಸ್ತಾರೆ. ಬೇಡ. ಆ ಕುರಿಗಳು ನಾವೇ, ಯೆಹೂದ್ಯರಲ್ಲದ ಜನ, ತುಂಗಾ ತೀರದ ಕನ್ನಡದ ಕುರಿಗಳು. ಆಮೆನ್?

ಆದರೆ ಕೊಲೊಸ್ಸೆ 1 ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೆ: ಕಾಣುವುದೂ ಕಾಣದ್ದೂ ಎಲ್ಲವೂ ಕ್ರಿಸ್ತನ ಮೂಲಕ, ಕ್ರಿಸ್ತನಿಗಾಗಿ ಉಂಟಾಯಿತು, ಆತನ ಶಿಲುಬೆಯ ರಕ್ತದ ಸಮಾಧಾನ ಪರಲೋಕವನ್ನೂ ಭೂಲೋಕವನ್ನೂ ಮುಟ್ಟುತ್ತೆ. ನಾಳೆ ಜೀವ ಸಿಕ್ಕರೆ, ಅದು ಆತನ ಕೈಯ ಹೊರಗಿನದ್ದಲ್ಲ. ಸಿಗದೇ ಹೋದರೆ, ಆತನ ಮಹಿಮೆ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲ್ಲ. ಹಾಗಾದ್ರೆ ಹೆದರೋದು ಯಾಕೆ?

ಇನ್ನೊಂದು ಮಾತು. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ 17 ಕಿಲೋಮೀಟರ್ ಓಡ್ತಿದೆ. ಅದೇ ವೇಗದಲ್ಲಿ ಟ್ರ್ಯಾಪಿಸ್ಟ್ ತಲುಪೋಕೆ ಸುಮಾರು 7 ಲಕ್ಷ ವರ್ಷ ಬೇಕು. ದಾವೀದನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೂ 8ನೇ ಕೀರ್ತನೆಯಲ್ಲಿ ಅವನು ನಕ್ಷತ್ರ ನೋಡಿ ಪ್ರಶ್ನೆಯನ್ನೇ ಕೇಳಿದ: ಇಷ್ಟು ದೊಡ್ಡ ಸೃಷ್ಟಿಯ ದೇವರು ಮನುಷ್ಯನನ್ನು ಯಾಕೆ ನೆನಸಬೇಕು? ದೇವರು ದಾವೀದನನ್ನು ಗದರಿಸಲಿಲ್ಲ. ಆ ಪ್ರಶ್ನೆಯನ್ನು ಆರಾಧನೆಯಾಗಿ ಸ್ವೀಕರಿಸಿದರು. ನಾವು ದಾಟಲಾಗದ ದೂರವನ್ನು ತಾನೇ ದಾಟಿ ಬೇತ್ಲೆಹೇಮಿಗೆ ಬಂದರು. ಸ್ತೋತ್ರ!

ಕೊನೆಯದಾಗಿ. ಇಬ್ರಿಯ ಭಾಷೆಯಲ್ಲಿ ಗಾಳಿ, ಉಸಿರು, ಆತ್ಮ ಮೂರಕ್ಕೂ ಒಂದೇ ಪದ. ನಮ್ಮ ಸಭೆಯ ಉಪದೇಶ ಸರಿ ಇರಬಹುದು, ದೂರ ಸರಿಯಾಗಿ ಅಳೆದಿರಬಹುದು. ಆದರೆ ಪ್ರಶ್ನೆ ಹೊತ್ತು ಬಂದ ಹುಡುಗನಿಗೆ ಇಲ್ಲಿ ಉಸಿರಾಡೋಕೆ ಗಾಳಿ ಇದೆಯಾ? 2017ರಲ್ಲಿ ನನ್ನ ಸಭೆಯಲ್ಲಿ ಇರಲಿಲ್ಲ. ಸಿಡಿದು ಕಿತ್ತೊಯ್ದವನು ನಾನೇ.

ಕ್ಯಾಂಪ್ ಮುಗಿದ ಮೇಲೆ ನಾನು ನರಸಿಂಹರಾಜಪುರಕ್ಕೆ ಹೋಗಿ ಆ ತಾಯಿಯಿಂದ ಅವನ ನಂಬರ್ ತಗೊಂಡೆ. ಫೋನ್ ಮಾಡಿದೆ. "ಮಗಾ, ನೀನು ಕೇಳಿದ್ದು ಒಳ್ಳೆ ಪ್ರಶ್ನೆ. ತಪ್ಪು ನಂದು" ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಅವನು ಅಂದ, "ಆ ಕಟಿಂಗ್ ಇನ್ನೂ ನನ್ನ ಹತ್ರ ಇದೆ, ಪಾಸ್ಟರ್." ಅಷ್ಟೇ. ಸಭೆಗೆ ಬರ್ತೀನಿ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಇನ್ನೊಂದು ಸಲ ಫೋನ್ ಮಾಡಬಹುದಾ ಅಂತ ಮಾತ್ರ ಕೇಳಿದೆ. "ಮಾಡಿ" ಅಂದ.

ಎದ್ದು ನಿಲ್ಲೋಣ. ಯಾರ ಪ್ರಶ್ನೆಗೆ ನೀವು ಬಾಗಿಲು ಹಾಕಿದ್ದೀರೋ ಅವರ ಹೆಸರನ್ನು ಕರ್ತನ ಮುಂದೆ ಹೇಳಿ. ನಿಮ್ಮದೇ ಪ್ರಶ್ನೆಯನ್ನು ಬಚ್ಚಿಟ್ಟಿದ್ದರೆ, ಅದನ್ನೂ ತನ್ನಿ.

ತಂದೆಯೇ, ನಕ್ಷತ್ರಗಳನ್ನು ಮಾಡಿದವರೇ, ನಮ್ಮ ಭಯವನ್ನು ತೆಗೆದುಹಾಕಿ. ನಿಮ್ಮ ಉಸಿರು ಈ ಸಭೆಯನ್ನು ತುಂಬಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.