ಆಯುಧಪೂಜೆಯೂ ಶಕ್ತಿಯ ರೂಪಾಂತರವೂ

ಶರದೃತುವಿನ ಈ ಒಂಬತ್ತು ರಾತ್ರಿಗಳಲ್ಲಿ ನಾವು ಆರಾಧಿಸುವ ಜಗನ್ಮಾತೆಗೆ ಶಕ್ತಿ ಎಂಬುದೇ ಹೆಸರು. ಭೌತವಿಜ್ಞಾನಿಯೂ ತನ್ನ ಶಾಸ್ತ್ರದ ಒಂದು ಮೂಲತತ್ತ್ವವನ್ನು ಕನ್ನಡದಲ್ಲಿ ಶಕ್ತಿಯೆಂದೇ ಕರೆಯುತ್ತಾನೆ. ಹೆಸರು ಒಂದಾದ ಮಾತ್ರಕ್ಕೆ ಎರಡೂ ಒಂದೇ ಎಂದು ಸಾಧಿಸಹೊರಡುವುದು ಅವಸರದ ಮಾತಾದೀತು. ವಿಜ್ಞಾನವೆಲ್ಲ ಪುರಾಣದಲ್ಲಿ ಅಡಗಿದೆಯೆನ್ನುವವರ ಪಂಕ್ತಿಯಲ್ಲಿ ಕೂರಲು ನನಗೆ ಮನಸ್ಸಿಲ್ಲ. ಪುರಾಣಕ್ಕೆ ಅಂಥ ಊರುಗೋಲು ಬೇಕಾಗಿಯೂ ಇಲ್ಲ. ಆದರೂ ಒಂದನ್ನು ಅರಿತವನು ಇನ್ನೊಂದರ ಮುಂದೆ ಕೈಮುಗಿದು ನಿಂತಾಗ ಅವನ ಭಕ್ತಿ ಹೆಚ್ಚು ಎಚ್ಚರಗೊಳ್ಳುವುದುಂಟು.

ಶಕ್ತಿಯನ್ನು ಹೊಸದಾಗಿ ಸೃಷ್ಟಿಸಲಾಗದು, ನಾಶಗೊಳಿಸಲೂ ಆಗದು. ಅದು ರೂಪ ಬದಲಿಸುತ್ತದೆ, ಅಷ್ಟೆ. ಈ ಅರಿವು ದೃಢಪಟ್ಟುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ನೀರು ತುಂಬಿದ ಪಾತ್ರೆಯೊಳಗೆ ಹುಟ್ಟುಗಳುಳ್ಳ ಒಂದು ಚಕ್ರವನ್ನಿಟ್ಟು, ಕೆಳಗಿಳಿಯುವ ತೂಕಗಳಿಂದ ಅದನ್ನು ತಿರುಗಿಸಿದನು. ನೀರು ತುಸು ಬೆಚ್ಚಗಾಯಿತು. ತೂಕ ಇಳಿದ ಎತ್ತರಕ್ಕೂ ನೀರು ಪಡೆದ ಶಾಖಕ್ಕೂ ನಿಶ್ಚಿತವಾದ ಲೆಕ್ಕವಿತ್ತು.

ಆ ಲೆಕ್ಕವನ್ನು ನಮ್ಮ ಜೋಗಕ್ಕೆ ಹಚ್ಚಿ ನೋಡೋಣ. ನೀರು 427 ಮೀಟರ್ ಬಿದ್ದು ಆ ಬೀಳುವಿಕೆಯೆಲ್ಲ ಅದರಲ್ಲೇ ಶಾಖವಾಗಿ ಉಳಿದರೆ ಉಷ್ಣತೆ ಏರುವುದು ಒಂದೇ ಒಂದು ಡಿಗ್ರಿ ಸೆಲ್ಸಿಯಸ್. ಶರಾವತಿ ಜೋಗದಲ್ಲಿ ಧುಮುಕುವುದು 253 ಮೀಟರ್. ಅಷ್ಟೊಂದು ಆರ್ಭಟ, ಅಷ್ಟೊಂದು ತುಂತುರು, ಕಾಮನಬಿಲ್ಲು. ಕೊನೆಗೆ ನೀರಿಗೆ ದಕ್ಕಬಹುದಾದದ್ದು ಅರ್ಧ ಡಿಗ್ರಿಗಿಂತ ತುಸು ಹೆಚ್ಚಿನ ಬಿಸಿ! ಅದೇ ನೀರಿನ ದಾರಿಯಲ್ಲಿ ಒಂದು ಚಕ್ರವನ್ನಿಟ್ಟರೆ ಫಲವೇ ಬೇರೆ. ಶಿವನಸಮುದ್ರದಲ್ಲಿ ಕಾವೇರಿಗೆ ಹಾಗೆ ಚಕ್ರವಿಟ್ಟದ್ದು 1902ರಲ್ಲಿ. ಅಲ್ಲಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿಯಿತು. ನಾವು ನೆಲೆಸಿರುವ ಈ ಮುಂಬಯಿಗೂ ಆ ಭಾಗ್ಯ ಸಹ್ಯಾದ್ರಿಯಿಂದಲೇ ಬಂದಿತು. ಲೋಣಾವಳದ ಸುತ್ತ ಕಟ್ಟಿದ ಜಲಾಶಯಗಳ ಮಳೆನೀರು ಘಟ್ಟವಿಳಿದು 1915ರಲ್ಲಿ ಖೋಪೋಲಿಯಲ್ಲಿ ವಿದ್ಯುತ್ತಾಗಿ, ಇಲ್ಲಿನ ಬಟ್ಟೆ ಗಿರಣಿಗಳನ್ನು ತಿರುಗಿಸಿತು. ಬಿಸಿಲು ಕಡಲಿನ ನೀರನ್ನು ಆವಿಯಾಗಿಸಿ ಘಟ್ಟದ ನೆತ್ತಿಗೆ ಏರಿಸಿತು. ಎತ್ತರ ವೇಗವಾಯಿತು, ವೇಗ ವಿದ್ಯುತ್ತಾಯಿತು, ವಿದ್ಯುತ್ತು ಬಟ್ಟೆ ನೆಯ್ದಿತು. ಆ ಗಿರಣಿಗಳು ಬಹುಪಾಲು ಮುಚ್ಚಿಹೋಗಿವೆ. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಈ ಪುಟದ ವಾಚಕರಲ್ಲಿಯೂ ಇದ್ದಾರು.

ಮಹಾನವಮಿಯಂದು ನಾವು ಪೂಜಿಸುವ ಆಯುಧ ಇಂಥ ಚಕ್ರವೇ. ಅದಕ್ಕೆ ಸ್ವಂತ ಶಕ್ತಿಯೆಂಬುದಿಲ್ಲ. ಶಕ್ತಿ ಒಂದು ವೇಷ ಕಳಚಿ ಇನ್ನೊಂದನ್ನು ತೊಡುವ ಬಾಗಿಲು ಅದು. ಕುಂಕುಮವಿಡುವ ಮುನ್ನ ಅದನ್ನು ಒರೆಸಿ ಎಣ್ಣೆ ಬಿಡುವ ವಾಡಿಕೆ ಎಷ್ಟು ಅರ್ಥವತ್ತಾದುದು! ಎಣ್ಣೆ ಕಾಣದ ಯಂತ್ರ ಕಾಯುತ್ತದೆ. ಕೆಲಸವಾಗಬೇಕಾದ ಶಕ್ತಿ ತಿಕ್ಕಾಟದಲ್ಲಿ ಶಾಖವಾಗಿ ಚೆದುರುತ್ತದೆ. ಚೆದುರಿದ್ದು ನಾಶವಾಗಿಲ್ಲವೆಂಬುದು ನಿಜ, ಆದರೆ ಅದು ತಾನಾಗಿ ಮರಳಿ ಒಂದುಗೂಡದು. ಒಂದುಗೂಡಿಸಲು ಮತ್ತಷ್ಟು ಶಕ್ತಿಯನ್ನು ತೆರಬೇಕು.

ಮಾರ್ಕಂಡೇಯ ಪುರಾಣದಲ್ಲಿ ಬರುವ ದೇವೀಮಾಹಾತ್ಮ್ಯದ ಎರಡನೆಯ ಅಧ್ಯಾಯವನ್ನು ಇಲ್ಲಿ ಸ್ಮರಿಸಬೇಕು. ಸೋತು ಸ್ವರ್ಗವನ್ನು ಕಳೆದುಕೊಂಡ ದೇವತೆಗಳ ಮೈಯಿಂದ ಹೊರಟ ತೇಜಸ್ಸು ಒಂದೆಡೆ ಕೂಡಿ ದೇವಿಯಾಯಿತು. ಒಬ್ಬೊಬ್ಬನಲ್ಲಿ ಹಂಚಿಹೋಗಿದ್ದಾಗ ಮಹಿಷನನ್ನು ಗೆಲ್ಲಲಾರದೆ ಹೋದ ತೇಜಸ್ಸೇ ಅದು. ಮುಂದಿನ ಅಧ್ಯಾಯದಲ್ಲಿ ಮಹಿಷನೂ ರೂಪಗಳನ್ನು ಬದಲಿಸುತ್ತಾನೆ: ಕೋಣ, ಸಿಂಹ, ಖಡ್ಗಧಾರಿಯಾದ ಪುರುಷ, ಆನೆ, ಮತ್ತೆ ಕೋಣ. ರೂಪಾಂತರವೆಂಬುದು ಅಸುರನಿಗೂ ಸಾಧ್ಯವಾದ ವಿದ್ಯೆ; ಆದರೆ ಅವನ ರೂಪಗಳೆಲ್ಲ ತನ್ನೊಬ್ಬನ ಉಳಿವಿಗಾಗಿ ತಾಳಿದವು.

ನಮ್ಮ ದೇಹವೂ ಒಂದು ಆಯುಧ. ದಿನಕ್ಕೆ 2000 ಕಿಲೋಕ್ಯಾಲರಿ ಆಹಾರ ಉಣ್ಣುವವನು ಹಗಲಿರುಳು ಸರಾಸರಿ ಸುಮಾರು 97 ವಾಟ್ ವ್ಯಯಿಸುತ್ತಾನೆ. ಹಳೆಯ ನೂರು ವಾಟಿನ ಒಂದು ಬಲ್ಬಿನಷ್ಟು. ಇದರಲ್ಲಿ ಲೋಕಲ್ ರೈಲಿನ ನೂಕುನುಗ್ಗಲಿಗೆ ಎಷ್ಟು, ಸಂಜೆ ಮನೆಗೆ ಬಂದು ಮಕ್ಕಳ ಮೇಲೆ ರೇಗುವುದಕ್ಕೆ ಎಷ್ಟು? ಭೌತವಿಜ್ಞಾನಿ ಸಿಟ್ಟನ್ನು ವಾಟುಗಳಲ್ಲಿ ಅಳೆಯುವುದಿಲ್ಲ, ಮನೆಯವರು ಅಳೆಯುತ್ತಾರೆ. ಅದೇ ಅನ್ನ ಮಗುವಿನ ಕೈಹಿಡಿದು ಕನ್ನಡದ ಅಕ್ಷರ ತಿದ್ದಿಸುವ ತಾಳ್ಮೆಯೂ ಆಗಬಹುದಿತ್ತು.

ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು, ಸಕಲ ಜೀವಿಗಳಲ್ಲಿ ಬುದ್ಧಿಯಾಗಿ, ನಿದ್ರೆಯಾಗಿ, ಹಸಿವಾಗಿ, ದಯೆಯಾಗಿ, ತಾಯಾಗಿ ನೆಲೆಸಿರುವವಳೆಂದು ದೇವಿಗೆ ನಮಿಸುತ್ತಾರೆ. ಹಸಿವೂ ಅವಳ ರೂಪ, ನಿದ್ರೆಯೂ ಅವಳ ರೂಪ. ಹಬ್ಬದ ಅಡಿಗೆಗೆಂದು ನಸುಕಿನಲ್ಲೆದ್ದು, ಒಲೆಯ ಝಳದಲ್ಲಿ ಬೆಂದು, ಎಲ್ಲರ ಎಲೆ ಎತ್ತಿದ ಮೇಲೆ ತಾನು ಉಣಕುಳ್ಳುವ ಗೃಹಿಣಿಯ ಹಸಿವಿಗೂ ನಿದ್ರೆಗೂ ನಮ್ಮ ಪೂಜೆಯಲ್ಲಿ ಸ್ಥಾನವೆಲ್ಲಿದೆ? ಗ್ಯಾಸಿನ ಒಲೆಗೆ ಮರೆಯದೆ ಕುಂಕುಮವಿಡುತ್ತೇವೆ. ಅದರ ಮುಂದೆ ನಿಂತವಳನ್ನು ಮರೆಯುತ್ತೇವೆ. ಈ ಸಲದ ಮಹಾನವಮಿಗೆ ಮೊದಲ ಪಂಕ್ತಿಯಲ್ಲಿ ಅಡಿಗೆ ಮಾಡಿದವರ ಎಲೆ ಬೀಳಲಿ. ಬಡಿಸುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ.