ಹೊಗೆ ಕಾಣದ ಒಲೆ ಮತ್ತು ದಾನಿಯ ಹೊಣೆ

ಗೃಹಸ್ಥನಿಗೆ ಅಗ್ನಿಯ ಬಳಕೆ ತಪ್ಪದು. ಕುಟ್ಟುವುದು, ಬೀಸುವುದು, ಒಲೆ ಉರಿಸುವುದು, ನೀರು ತುಂಬುವುದು, ಗುಡಿಸುವುದು ಎಂಬ ಪಂಚಸೂನಗಳಲ್ಲಿ ಒಲೆಯನ್ನೂ ಎಣಿಸಿರುವುದು ಅಡುಗೆಯನ್ನು ನಿಷೇಧಿಸುವುದಕ್ಕಲ್ಲ; ಒಂದು ತುತ್ತು ಅನ್ನದ ಹಿಂದೆ ಎಷ್ಟು ಜೀವಹಾನಿ ಅಡಗಿದೆ ಎಂಬ ಎಚ್ಚರವನ್ನು ಶ್ರಾವಕನಲ್ಲಿ ಉಳಿಸುವುದಕ್ಕೆ. ಈ ಆರಂಭೀ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದಿದ್ದರೂ ಅದನ್ನು ಕುಗ್ಗಿಸುವ ದಾರಿಗಳನ್ನು ಹುಡುಕುವುದು ವಿವೇಕಿಯ ಕರ್ತವ್ಯ. ವ್ಯರ್ಥವಾಗುವ ಇದ್ದಿಲ ಪುಡಿಯಿಂದ ಉರಿಯುವ ಮನೆಯೊಲೆ ಅಂತಹ ಒಂದು ದಾರಿ. ಅದು ನಿರ್ದೋಷವಾದ ದಾರಿಯೇ ಎಂಬುದು ವಿಚಾರಣೀಯ.

ಕಟ್ಟಿಗೆಯನ್ನು ಮಣ್ಣಿನ ಗೂಡಿನಲ್ಲಿ ಮುಚ್ಚಿ ಸುಟ್ಟಾಗ ತೂಕದಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಇದ್ದಿಲು ದೊರೆಯುವುದಿಲ್ಲ. ಕಟ್ಟಿಗೆಯಲ್ಲಿದ್ದ ಶಾಖದ ಅರ್ಧಕ್ಕಿಂತ ಹೆಚ್ಚು ಭಾಗ ಗೂಡಿನಲ್ಲಿಯೇ ನಷ್ಟವಾಗುತ್ತದೆ. ಉಳಿದುದರಲ್ಲಿಯೂ ಮೂಟೆ ಕಟ್ಟಿ, ಸಾಗಿಸಿ, ಅಂಗಡಿಯಲ್ಲಿ ಸುರಿಯುವಷ್ಟರಲ್ಲಿ ಸುಮಾರು ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಪುಡಿಯಾಗುತ್ತದೆ. ಪುಡಿಯ ನಡುವೆ ಗಾಳಿ ನುಸುಳದ ಕಾರಣ ಅದು ಹಾಗೆಯೇ ಉರಿಯದು. ಮರಗೆಣಸಿನ ಗಂಜಿಯನ್ನೋ ಜೇಡಿಮಣ್ಣನ್ನೋ ಬೆರೆಸಿ ಉಂಡೆ ಕಟ್ಟಿ ಒಣಗಿಸಿದರೆ ನಿಧಾನವಾಗಿ, ಬಹಳ ಹೊತ್ತು ಉರಿಯುತ್ತದೆ. ಕೀನ್ಯಾ ದೇಶದ ನೈರೋಬಿ ನಗರದ ಕಿಬೆರಾ ಎಂಬ ಬಡ ಬಡಾವಣೆಯಲ್ಲಿ ಮಹಿಳೆಯರು ಇದ್ದಿಲಂಗಡಿಗಳ ಪುಡಿಗೆ ಮಣ್ಣು ಬೆರೆಸಿ ಇಂತಹ ಉಂಡೆಗಳನ್ನು ಮಾಡಿ ಬಳಸುತ್ತಾರೆ, ಮಾರುತ್ತಾರೆ.

ಇಲ್ಲಿ ಮೊದಲ ಧರ್ಮಪ್ರಶ್ನೆ ಏಳುತ್ತದೆ. ಶ್ರಾವಕನು ವರ್ಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ಅಂಗಾರಕರ್ಮ, ಅಂದರೆ ಇದ್ದಿಲು ಸುಟ್ಟು ಜೀವಿಸುವುದು, ಮೊದಲನೆಯದು. ಆ ವೃತ್ತಿಯ ಕಸವನ್ನು ಕೊಳ್ಳುವವನಿಗೆ ಅದರ ದೋಷ ತಟ್ಟುವುದೇ? ಮರ ಕಡಿದಾಗಿದೆ, ಸುಟ್ಟಾಗಿದೆ, ಚರಂಡಿಗೆ ಹೋಗುವ ಪುಡಿಯನ್ನು ಬಳಸಿದರೆ ಹೊಸ ಮರವೇನೂ ಬೀಳುವುದಿಲ್ಲ ಎಂಬುದು ಒಂದು ವಾದ. ಆದರೆ ವ್ಯಾಪಾರ ಬಲ್ಲವರಿಗೆ ತಿಳಿದ ಇನ್ನೊಂದು ಸತ್ಯವಿದೆ: ಬೆಲೆ ಬಂದ ಕಸ ಕಸವಾಗಿ ಉಳಿಯುವುದಿಲ್ಲ. ಪುಡಿಗೆ ಒಳ್ಳೆಯ ಧಾರಣೆ ಬಂದರೆ ಅದು ಇದ್ದಿಲು ಸುಡುವವನ ಆದಾಯದ ಭಾಗವಾಗಿ, ಮತ್ತೊಂದು ಗೂಡು ಹೂಡಲು ಪ್ರೇರಣೆಯಾಗಬಹುದು. ಕೃತ, ಕಾರಿತ, ಅನುಮೋದನ ಎಂಬ ವಿವೇಚನೆ ಇಲ್ಲಿ ನೆರವಾಗುತ್ತದೆ. ತನ್ನ ಕೊಳ್ಳುವಿಕೆಯಿಂದ ಮೂಲದ ಹಿಂಸೆ ಬೆಳೆಯುತ್ತದೆಯೋ ಇಲ್ಲವೋ ಎಂದು ಕೇಳಿಕೊಳ್ಳದೆ ಬರಿಯ ‘ಕಸ’ ಎಂಬ ಹೆಸರಿನಲ್ಲಿ ಸಮಾಧಾನ ಪಡುವುದು ಸರಿಯಲ್ಲ.

ಈ ದೃಷ್ಟಿಯಿಂದ ಪುಣೆಯ ‘ಆರ್ತಿ’ ಸಂಸ್ಥೆಯ ಕೆಲಸ ಗಮನಾರ್ಹ. ಡಾ. ಆನಂದ ಕರ್ವೆಯವರ ನೇತೃತ್ವದಲ್ಲಿ ಆ ಸಂಸ್ಥೆಯು ಕಬ್ಬಿನ ಕಟಾವಿನ ಬಳಿಕ ಗದ್ದೆಯಲ್ಲಿ ಉಳಿಯುವ ರವದಿಯನ್ನು ಇದ್ದಿಲಾಗಿಸಿ, ಉಂಡೆ ಕಟ್ಟುವ ವಿಧಾನವನ್ನು ರೂಪಿಸಿ, 2002ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿಯನ್ನು ಪಡೆಯಿತು. ‘ಸರಾಯಿ’ ಎಂಬ ಅದರ ಹಬೆಪಾತ್ರೆಯಲ್ಲಿ ನೂರಿನ್ನೂರು ಗ್ರಾಂ ಉಂಡೆಗಳಿಂದ ಒಂದು ಸಣ್ಣ ಕುಟುಂಬದ ಅನ್ನ, ಬೇಳೆ, ಪಲ್ಯ ಬೇಯುತ್ತವೆ. ಕಬ್ಬನ್ನು ಬೆಳೆಯುವುದು ಸಕ್ಕರೆಗಾಗಿ. ರವದಿಗೆ ಬೆಲೆ ಬಂದಿತೆಂದು ಯಾರೂ ಕಬ್ಬು ನೆಡುವುದಿಲ್ಲ. ಬೆಳಗಾವಿ, ಬಾಗಲಕೋಟೆಗಳ ಕಡೆಯೂ ಗದ್ದೆಯಲ್ಲಿ ರವದಿಗೆ ಬೆಂಕಿಯಿಡುವ ರೂಢಿಯುಂಟು. ಆ ಬೆಂಕಿಯಲ್ಲಿ ಸಾಯುವ ಹುಳು, ಹಾವು, ಹಕ್ಕಿಮರಿಗಳನ್ನು ಎಣಿಸಿದವರಿಲ್ಲ. ರವದಿಯನ್ನು ಮಣ್ಣಿಗೇ ಹೊದಿಸಿ ಕೊಳೆಯಿಸುವುದು ಉತ್ತಮ; ಅದಾಗದೆ ಬಯಲಲ್ಲಿ ಸುಡುವುದೇ ಆದರೆ, ಅದಕ್ಕಿಂತ ಒಲೆಗೆ ಒದಗಿಸುವುದು ಮೇಲು.

ಎರಡನೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಇದ್ದಿಲಿಗೆ ಹೊಗೆ ಕಡಿಮೆ. ಆದುದರಿಂದ ಅದು ಶುದ್ಧವೆಂದು ಜನ ನಂಬುತ್ತಾರೆ. ಆದರೆ ಕೆಂಡದ ತಳದಲ್ಲಿ ಗಾಳಿ ಸಿಕ್ಕಿ ಹುಟ್ಟಿದ ಇಂಗಾಲದ ಡೈಆಕ್ಸೈಡು ಮೇಲಿನ ಕೆಂಪು ಕೆಂಡಗಳ ನಡುವೆ ಹಾದುಬರುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗಿ ಮಾರ್ಪಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಕಟ್ಟಿಗೆಯ ಹೊಗೆ ಕಣ್ಣುರಿಸಿ, ಕೆಮ್ಮಿಸಿ ಮನುಷ್ಯನನ್ನು ಹೊರಗಟ್ಟುತ್ತದೆ. ಈ ಅನಿಲ ತಲೆನೋವು, ಮಂಪರು ತರಿಸಿ ಅಲ್ಲಿಯೇ ಮಲಗಿಸುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇರಿಸಿಕೊಂಡು ಮಲಗಿ ಕುಟುಂಬ ಸಮೇತ ಮಡಿದವರ ಸುದ್ದಿ ಮೇಲಿಂದ ಮೇಲೆ ಬರುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ನಿಜ: ಆರಿತೆಂದು ತೋರುವ ಕೆಂಡ ಗಂಟೆಗಟ್ಟಲೆ ವಿಷವನ್ನು ಬಿಡುತ್ತಿರುತ್ತದೆ.

ಒಲೆಯನ್ನು ರೂಪಿಸುವವನ ಧರ್ಮಸಂಕಟ ಇರುವುದು ಇಲ್ಲಿಯೇ. ಇಂಧನ ಉಳಿಸಲು ಅವನು ಗಾಳಿಯ ಬಾಯಿಯನ್ನು ಕಿರಿದು ಮಾಡುತ್ತಾನೆ, ಪಾತ್ರೆಯನ್ನು ಕೆಂಡಕ್ಕೆ ಹತ್ತಿರ ತರುತ್ತಾನೆ. ಆದರೆ ಗಾಳಿ ಕಡಿಮೆಯಾದರೆ ವಿಷಾನಿಲ ಹೆಚ್ಚುತ್ತದೆ. ತಣ್ಣನೆಯ ಪಾತ್ರೆ ಹತ್ತಿರ ಬಂದರೆ ಅದನ್ನು ಸುಟ್ಟು ತೀರಿಸುವ ನೀಲಿ ಜ್ವಾಲೆ ನಂದುತ್ತದೆ. ಉಳಿತಾಯ ಮನೆಯ ಯಜಮಾನನ ಕಣ್ಣಿಗೆ ಕಾಣುತ್ತದೆ, ವಿಷ ಯಾರ ಕಣ್ಣಿಗೂ ಕಾಣದು. ಎಷ್ಟು ಇಂಧನ ಉಳಿಯಿತು, ಎಷ್ಟು ಹೊಗೆ ತಗ್ಗಿತು ಎಂದು ಮಾತ್ರ ಅಳೆದು ಒಲೆಯನ್ನು ‘ಶುದ್ಧ’ವೆನ್ನುವುದು, ಜಮೆಯನ್ನಷ್ಟೇ ಬರೆದು ಖರ್ಚನ್ನು ಬರೆಯದ ಖಾತೆಯಂತೆ. ಒಳ್ಳೆಯ ಒಲೆಯಲ್ಲಿ ಕೆಂಡದ ಹಾಸು ತೆಳುವಾಗಿರಬೇಕು. ಕೆಳಗಿನ ಜಾಲರಿಯಿಂದಲ್ಲದೆ ಕೆಂಡದ ಮೇಲ್ಭಾಗಕ್ಕೂ ಗಾಳಿ ಬರುವ ರಂಧ್ರಗಳಿರಬೇಕು. ಜ್ವಾಲೆಗೆ ಎಡೆಯಿರುವಷ್ಟು ಎತ್ತರದಲ್ಲಿ ಪಾತ್ರೆ ಕೂರಬೇಕು. ಒಳಗೆ ಬಳಸುವುದಾದರೆ ಹೊರಕ್ಕೊಯ್ಯುವ ಚಿಮಣಿ ಬೇಕು.

ಈಗ ದಾನಿಯ ಹೊಣೆ. ಸಮಂತಭದ್ರಾಚಾರ್ಯರ ರತ್ನಕರಂಡಕವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಹೇಳುವಾಗ ಕೊಡಲಿ, ಕತ್ತಿಗಳ ಜೊತೆಗೆ ಬೆಂಕಿಯನ್ನೂ ಸೇರಿಸಿದೆ. ಬಡ ಕುಟುಂಬಗಳಿಗೆ ಒಲೆ ಹಂಚುವುದು ಕರುಣೆಯ ಕಾರ್ಯವೇ ಹೌದು. ಆದರೆ ಒಂದೇ ಕೋಣೆಯ, ಕಿಟಕಿಯಿಲ್ಲದ ಗುಡಿಸಲಿಗೆ ಚಿಮಣಿಯಿಲ್ಲದ ಇದ್ದಿಲೊಲೆಯನ್ನು ಎಚ್ಚರಿಕೆಯ ಮಾತಿಲ್ಲದೆ ಕೊಟ್ಟರೆ, ಆ ದಾನ ಯಾವ ಪಂಕ್ತಿಗೆ ಸೇರುವುದು? ಕೊಲ್ಲುವ ಸಂಕಲ್ಪ ಇಲ್ಲದಿರಬಹುದು, ಆದರೆ ಪ್ರಮಾದವಿದೆ. ಪ್ರಮಾದವನ್ನೇ ಹಿಂಸೆಯ ಬೇರೆಂದು ಶಾಸ್ತ್ರ ತಿಳಿಸುತ್ತದೆ.

ಇದಕ್ಕೊಂದು ಆಕ್ಷೇಪವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣ ಹೊಂದಿದರು. ಇಂತಹ ಸ್ಥಿತಿಯಲ್ಲಿ ಪರಿಪೂರ್ಣ ಒಲೆಗಾಗಿ ಕಾಯುವುದು ನಿರ್ದಯತೆಯಲ್ಲವೇ? ಆಕ್ಷೇಪ ತೂಕವುಳ್ಳದ್ದು. ಕಡಿಮೆ ಕೆಡುಕನ್ನು ಆರಿಸಿಕೊಳ್ಳುವುದು ಗೃಹಸ್ಥಧರ್ಮಕ್ಕೆ ಸಮ್ಮತವೇ. ಆದರೆ ಕಡಿಮೆ ಕೆಡುಕನ್ನು ಕೆಡುಕೆಂದು ಹೇಳಿಯೇ ಕೊಡಬೇಕು, ಶುದ್ಧವೆಂದು ಹೇಳಿ ಕೊಡಬಾರದು. ನಮ್ಮ ದೇಶದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಆರಂಭವಾಗಿ 2002ರಲ್ಲಿ ನಿಂತಿತು. ಮೂರು ಕೋಟಿಗೂ ಹೆಚ್ಚು ಒಲೆಗಳು ಮನೆ ಸೇರಿದರೂ ಅನೇಕವು ಬಹುಕಾಲ ಬಾಳಲಿಲ್ಲ. ಹಂಚಿದವರು ಲೆಕ್ಕವಿಟ್ಟದ್ದು ಒಲೆಗಳ ಸಂಖ್ಯೆಯನ್ನು, ಅಡುಗೆಯವಳ ಉಸಿರನ್ನಲ್ಲ.

ಆದುದರಿಂದ ಬಸದಿಯ ಟ್ರಸ್ಟುಗಳು ಇಂತಹ ದಾನಕ್ಕೆ ಮುಂದಾದಾಗ ಮೊದಲು ಮನೆಯನ್ನು ನೋಡಬೇಕು, ಅನಂತರ ಒಲೆಯನ್ನು ಆರಿಸಬೇಕು. ಗ್ಯಾಸ್ ಕೊಳ್ಳುವ ಶಕ್ತಿಯಿರುವಲ್ಲಿ ಅದನ್ನೇ ಒದಗಿಸುವುದು ಲೇಸು. ಇದ್ದಿಲೊಲೆಯೇ ಗತಿಯೆಂಬಲ್ಲಿ ಅದನ್ನು ಜಗಲಿಯಲ್ಲೋ ಅಂಗಳದಲ್ಲೋ ಹೊತ್ತಿಸುವುದನ್ನೂ, ಅಡುಗೆ ಮುಗಿದೊಡನೆ ಕೆಂಡವನ್ನು ಹೊರಗೆ ಬಿಗಿಮುಚ್ಚಳದ ತಗಡಿನ ಡಬ್ಬಿಯಲ್ಲಿ ನಂದಿಸುವುದನ್ನೂ, ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ಎಂದಿಗೂ ಒಯ್ಯದಿರುವುದನ್ನೂ ಮನೆಯವರಿಗೆ ಮಾಡಿ ತೋರಿಸಬೇಕು. ಒಂದು ತಿಂಗಳ ಬಳಿಕ ಮತ್ತೆ ಹೋಗಿ ವಿಚಾರಿಸಬೇಕು. ಒಲೆಯ ಬೆಲೆಯೊಡನೆ ಈ ಶ್ರಮವನ್ನೂ ಸೇರಿಸಿದಾಗಲೇ ದಾನ ಪೂರ್ಣ. ಕಣ್ಣಿಗೆ ಕಾಣುವ ಜೀವವನ್ನು ಕಾಯುವುದು ಸುಲಭ; ಕಾಣದ ಕೇಡಿನಿಂದ ಕಾಯುವುದರಲ್ಲಿ ಅಹಿಂಸೆಯ ನಿಜವಾದ ಪರೀಕ್ಷೆಯಿದೆ.