ಅರಾದ್: ಗಡಿಕೋಟೆಯೊಳಗಿನ ದೇವಾಲಯ

ಮೃತ ಸಮುದ್ರದ ಪಶ್ಚಿಮಕ್ಕೆ, ನೆಗೆವ್ ಮರುಭೂಮಿಯ ಉತ್ತರ ಅಂಚಿನಲ್ಲಿ ತೆಲ್ ಅರಾದ್ ಎಂಬ ದಿಬ್ಬವಿದೆ. ಬೈಬಲ್ಲಿನಲ್ಲಿ ಈ ಊರಿಗೆ ಸಿಕ್ಕಿರುವುದು ಕೆಲವೇ ಸಾಲುಗಳು. ಅರಣ್ಯಕಾಂಡದಲ್ಲಿ ಇಸ್ರಾಯೇಲ್ಯರ ಮೇಲೆ ಏರಿಬಂದ ಕಾನಾನ್ಯ ಅರಸನ ಊರು ಇದು. ಯೆಹೋಶುವನು ಸೋಲಿಸಿದ ಅರಸರ ಪಟ್ಟಿಯಲ್ಲೂ ಇದರ ಹೆಸರಿದೆ. ನ್ಯಾಯಸ್ಥಾಪಕರು ಗ್ರಂಥದ ಪ್ರಕಾರ ಮೋಶೆಯ ಮಾವನ ಕುಲದವರಾದ ಕೇನ್ಯರು ಇದರ ಆಸುಪಾಸಿನಲ್ಲಿ ನೆಲೆಸಿದರು. ಇಲ್ಲೊಂದು ದೇವಾಲಯವಿತ್ತೆಂದು ಮಾತ್ರ ಯಾವ ಗ್ರಂಥವೂ ಹೇಳುವುದಿಲ್ಲ. ಅದು ತಿಳಿದದ್ದು 1962ರಿಂದ 1967ರವರೆಗೆ ಯೋಹಾನನ್ ಅಹರೋನಿ ಇಲ್ಲಿ ಉತ್ಖನನ ನಡೆಸಿದಾಗ.

ಅರಾದಿನಲ್ಲಿ ಇರುವುದು ಎರಡು ಕಾಲದ ಅವಶೇಷ. ಕೆಳಗೆ ವಿಶಾಲವಾಗಿ ಹರಡಿರುವ ನಗರ ಕ್ರಿ.ಪೂ. ಮೂರನೆಯ ಸಹಸ್ರಮಾನದ್ದು, ಇಸ್ರಾಯೇಲ್ಯರ ಕಾಲಕ್ಕೆ ಅದು ಪಾಳುಬಿದ್ದು ಸಾವಿರಕ್ಕೂ ಹೆಚ್ಚು ವರ್ಷಗಳಾಗಿದ್ದವು. ಮೇಲಿನ ಗುಡ್ಡದಲ್ಲಿರುವುದು ಯೆಹೂದ ರಾಜ್ಯದ ಕೋಟೆ. ಒಂದೊಂದು ಬದಿ ಸುಮಾರು 50 ಮೀಟರ್ ಇರುವ ಈ ಚಿಕ್ಕ ಚೌಕ ಕೋಟೆ ದಕ್ಷಿಣದ ಗಡಿಯನ್ನೂ ಎದೋಮಿನ ಕಡೆಯ ದಾರಿಗಳನ್ನೂ ಕಾಯುತ್ತಿತ್ತು. ಇದರ ವಾಯವ್ಯ ಮೂಲೆಯಲ್ಲಿ ದೇವಾಲಯವಿತ್ತು. ಅರಸನ ಕೋಟೆಯೊಳಗೆ, ಅರಸನ ಸಿಪಾಯಿಗಳ ನಡುವೆ ಇದ್ದ ಗುಡಿಯನ್ನು ಹಳ್ಳಿಗರು ಕದ್ದುಮುಚ್ಚಿ ನಡೆಸುತ್ತಿದ್ದ ಪೂಜಾಸ್ಥಳವೆಂದು ತಳ್ಳಿಹಾಕಲಾಗದು. ಅರಾದಿನ ಮಹತ್ವವೆಲ್ಲ ಈ ಸಂಗತಿಯ ಮೇಲೆ ನಿಂತಿದೆ.

ದೇವಾಲಯದ ಮುಖ ಪೂರ್ವಕ್ಕೆ. ಮೊದಲು ತೆರೆದ ಅಂಗಳ, ಅದರಲ್ಲಿ ಬಲಿಪೀಠ. ಸುಮಾರು ಎರಡೂವರೆ ಮೀಟರ್ ಚೌಕದ ಈ ಪೀಠವನ್ನು ಮಣ್ಣು ಮತ್ತು ಉಳಿ ತಾಗದ ಕಲ್ಲುಗಳಿಂದ ಕಟ್ಟಲಾಗಿತ್ತು. ಕೆತ್ತಿದ ಕಲ್ಲಿನಿಂದ ಬಲಿಪೀಠ ಕಟ್ಟಬಾರದೆಂಬ ವಿಮೋಚನಕಾಂಡದ ವಿಧಿಗೆ ಇದು ಸರಿಹೊಂದುತ್ತದೆ. ಅಳತೆಯೂ ಅಲ್ಲಿ ಹೇಳಿದ ಐದು ಮೊಳದ ಚೌಕಕ್ಕೆ ಹತ್ತಿರವಿದೆ. ಅಂಗಳ ದಾಟಿದರೆ ಉದ್ದಕ್ಕಿಂತ ಅಗಲವೇ ಹೆಚ್ಚಿದ್ದ ಒಂದು ಸಭಾಂಗಣ. ಸೊಲೊಮೋನನ ದೇವಾಲಯ ಹಿಂದಕ್ಕೆ ಉದ್ದವಾಗಿ ಚಾಚಿತ್ತೆಂದು ಅರಸುಗಳು ಗ್ರಂಥ ವರ್ಣಿಸುವುದರಿಂದ, ಅರಾದಿನದು ಯೆರೂಸಲೇಮಿನ ಪಡಿಯಚ್ಚಲ್ಲ. ಸಭಾಂಗಣದ ಹಿಂಗೋಡೆಯಲ್ಲಿ, ಮೆಟ್ಟಿಲೇರಿ ಸೇರುವ ಪುಟ್ಟ ಗರ್ಭಗುಡಿ. ಅದರ ಬಾಗಿಲಲ್ಲಿ ಸುಣ್ಣಕಲ್ಲಿನ ಎರಡು ಧೂಪಪೀಠಗಳು: ಒಂದು ಸುಮಾರು ಅರ್ಧ ಮೀಟರ್ ಎತ್ತರ, ಇನ್ನೊಂದು ಅದಕ್ಕಿಂತ ಗಿಡ್ಡ. ಒಳಗೆ ವಿಗ್ರಹವಿಲ್ಲ, ನಯಗೊಳಿಸಿದ, ಕೆಂಪು ಬಣ್ಣದ ಕುರುಹುಳ್ಳ ಒಂದು ನಿಲುಗಲ್ಲು.

ಈ ನಿಲುಗಲ್ಲೇ ಒಂದು ತೊಡಕು. ಆದಿಕಾಂಡದಲ್ಲಿ ಯಾಕೋಬನು ಬೇತೇಲಿನಲ್ಲಿ ತಾನು ತಲೆದಿಂಬಾಗಿ ಇಟ್ಟುಕೊಂಡಿದ್ದ ಕಲ್ಲನ್ನು ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. ಅದು ಭಕ್ತಿಯ ಕೆಲಸವೆಂದೇ ಗ್ರಂಥದ ಎಣಿಕೆ. ಧರ್ಮೋಪದೇಶಕಾಂಡವಾದರೋ ಇಂಥ ಕಲ್ಲನ್ನು ದೇವರು ಹಗೆಮಾಡುತ್ತಾನೆ ಎನ್ನುತ್ತದೆ. ಅರಾದಿನ ಜನ ಮೊದಲ ನಂಬಿಕೆಯ ಕಡೆಯವರು. ಅವರ ಮಟ್ಟಿಗೆ ಕಲ್ಲು ದೇವರ ರೂಪವಾಗಿರಲಿಲ್ಲ, ದೇವರ ಸನ್ನಿಧಿಯ ಗುರುತಾಗಿದ್ದಿರಬೇಕು. ಗರ್ಭಗುಡಿಯಲ್ಲಿ ಎರಡನೆಯ ಕಲ್ಲೂ ಇತ್ತೆಂದು ಓದಿ, ಎರಡು ಧೂಪಪೀಠಗಳನ್ನೂ ಅದಕ್ಕೆ ಜೊತೆಮಾಡಿ, ಯೆಹೋವನ ಜೊತೆಗೆ ಅಶೇರಾ ದೇವಿಗೂ ಇಲ್ಲಿ ಪೂಜೆಯಿತ್ತೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಸಿನಾಯ್ ಸೀಮೆಯ ಕುಂತಿಲ್ಲತ್ ಅಜ್ರೂದಿನ ಬರಹಗಳಲ್ಲಿ ಯೆಹೋವನ ಹೆಸರಿನ ಪಕ್ಕದಲ್ಲೇ ಅಶೇರಾ ಎಂಬ ಮಾತು ಬರುವುದು ಈ ಊಹೆಗೆ ಬಲ. ಆದರೆ ಆ ಎರಡನೆಯ ಕಲ್ಲು ಗೋಡೆಯ ಕಟ್ಟಡದ ಭಾಗವೇ ಇರಬಹುದೆಂಬ ಆಕ್ಷೇಪವಿದೆ. ಇಷ್ಟು ತೆಳುವಾದ ಆಧಾರದ ಮೇಲೆ ಒಬ್ಬ ದೇವಿಯನ್ನು ಪ್ರತಿಷ್ಠಾಪಿಸುವುದು ಅವಸರವೇ ಸರಿ.

ಪೂಜೆಯ ಬಗೆಗೆ ಗಟ್ಟಿಯಾದ ಸಾಕ್ಷಿ ಸಿಕ್ಕಿದ್ದು ಧೂಪಪೀಠಗಳ ಮೇಲೆ ಅಂಟಿದ್ದ ಕರಕಿನಿಂದ. 2020ರಲ್ಲಿ ಎರಾನ್ ಅರಿಯೇ ಮತ್ತು ಸಂಗಡಿಗರು ಪ್ರಕಟಿಸಿದ ರಾಸಾಯನಿಕ ಪರೀಕ್ಷೆಯಂತೆ, ದೊಡ್ಡ ಪೀಠದ ಮೇಲೆ ಉರಿದದ್ದು ಪ್ರಾಣಿಯ ಕೊಬ್ಬಿನೊಂದಿಗೆ ಬೆರೆಸಿದ ಪರಿಮಳಧೂಪ, ಅಂದರೆ ಅರೇಬಿಯದ ಕಡೆಯಿಂದ ಬರುತ್ತಿದ್ದ ದುಬಾರಿ ಮರದಂಟು. ಚಿಕ್ಕದರ ಮೇಲೆ ಉರಿದದ್ದು ಗಾಂಜಾ. ಅದನ್ನು ಪ್ರಾಣಿಯ ಸಗಣಿಯೊಂದಿಗೆ ಬೆರೆಸಿದ್ದರಿಂದ ಮಂದವಾಗಿ ಕಾಯುತ್ತಾ ಹೊಗೆ ಬಿಡುತ್ತಿತ್ತು. ಮೊದಲನೆಯದು ವಿಮೋಚನಕಾಂಡದ ಧೂಪವಿಧಿಯಲ್ಲಿ ಹೆಸರಿಸಿರುವ ದ್ರವ್ಯ. ಎರಡನೆಯದರ ಸುಳಿವು ಅಲ್ಲಿಲ್ಲ. ಪರಿಮಳಕ್ಕಾಗಿ ಗಾಂಜಾಕ್ಕೆ ಸಗಣಿ ಬೆರೆಸುವವರು ಯಾರೂ ಇಲ್ಲವಾದ್ದರಿಂದ, ಅದರ ಉದ್ದೇಶ ಮತ್ತನ್ನು ಬರಿಸುವುದೇ ಆಗಿತ್ತೆಂಬ ಸಂಶೋಧಕರ ತೀರ್ಮಾನ ಒಪ್ಪತಕ್ಕದ್ದು.

ಗುಡಿಯ ಸೇವೆಯಲ್ಲಿ ಯಾರಿದ್ದರು? ಆವರಣದಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ಮೆರೇಮೋತ್, ಪಷ್ಹೂರ್ ಎಂಬ ಹೆಸರುಗಳಿವೆ. ಬೈಬಲ್ಲಿನಲ್ಲಿ ಇವು ಯಾಜಕ ಮನೆತನಗಳ ಹೆಸರುಗಳು. ಕೋರಹನ ವಂಶದವರ ಉಲ್ಲೇಖವೂ ಉಂಟು. ಕೀರ್ತನೆಗಳ ಗ್ರಂಥದಲ್ಲಿ ಹಲವು ಹಾಡುಗಳು ಇವರ ಹೆಸರಿನಲ್ಲಿವೆ. ಅಂದರೆ ಅರಾದಿನ ಅರ್ಚಕರಿಗೂ ಯೆರೂಸಲೇಮಿನವರಿಗೂ ನಂಟಿದ್ದ ಸಾಧ್ಯತೆ ಹೆಚ್ಚು. ಇಬ್ಬರ ದೇವರೂ ಒಬ್ಬನೇ; ಗುಡಿಗಳು ಮಾತ್ರ ಬೇರೆ.

ಇಲ್ಲಿ ಧರ್ಮಶಾಸ್ತ್ರದ ಪ್ರಶ್ನೆ ಏಳುತ್ತದೆ. ಯೆಹೋವನು ಆರಿಸಿಕೊಂಡ ಒಂದೇ ಸ್ಥಳದಲ್ಲಿ ಬಲಿ ಅರ್ಪಿಸಬೇಕು, ಉಳಿದೆಲ್ಲ ಪೂಜಾಸ್ಥಳಗಳನ್ನು ಕೆಡವಬೇಕು ಎನ್ನುವುದು ಧರ್ಮೋಪದೇಶಕಾಂಡದ 12ನೆಯ ಅಧ್ಯಾಯದ ಆಜ್ಞೆ. ಅದನ್ನು ಜಾರಿಗೆ ತಂದವರೆಂದು ಅರಸುಗಳು ಗ್ರಂಥ ಹೊಗಳುವುದು ಕ್ರಿ.ಪೂ. ಎಂಟನೆಯ ಶತಮಾನದ ಹಿಜ್ಕೀಯನನ್ನು ಮತ್ತು ಏಳನೆಯದರ ಯೋಷೀಯನನ್ನು. ಆ ಗ್ರಂಥದ ಕಣ್ಣಿನಲ್ಲಿ ಪ್ರಾಂತ್ಯಗಳ ಗುಡಿಗಳು ದಾರಿತಪ್ಪಿದ ಜನರ ಪಾಪ. ಅರಾದನ್ನು ನೋಡಿದರೆ ಕ್ರಮ ತಿರುಗುಮುರುಗಾಗುತ್ತದೆ: ಹಲವು ಗುಡಿಗಳಲ್ಲಿ ಒಬ್ಬ ದೇವರನ್ನು ಪೂಜಿಸುವುದು ಅರಸೊತ್ತಿಗೆಯೇ ನಡೆಸಿಕೊಂಡು ಬಂದ ಹಳೆಯ ವಾಡಿಕೆ, ಒಂದೇ ಗುಡಿ ಎಂಬುದು ಹೊಸ ಕಟ್ಟಳೆ. ಯೆರೂಸಲೇಮಿಗೆ ಕೆಲವೇ ಕಿಲೋಮೀಟರ್ ದೂರದ ಮೋತ್ಸಾದಲ್ಲಿ 2012ರಲ್ಲಿ ಅದೇ ಯುಗದ ಇನ್ನೊಂದು ದೇವಾಲಯ ಕಂಡಮೇಲೆ ಅರಾದನ್ನು ಅಪವಾದವೆನ್ನುವುದೂ ಕಷ್ಟ.

ಅರಾದಿನ ಗುಡಿಯನ್ನು ಯಾರೂ ಒಡೆದು ಹಾಕಲಿಲ್ಲ. ಧೂಪಪೀಠಗಳನ್ನೂ ನಿಲುಗಲ್ಲನ್ನೂ ಮಲಗಿಸಿ, ಮೇಲೆ ಮಣ್ಣು ಮುಚ್ಚಿದ್ದರು. ಅಹರೋನಿ ಇದನ್ನು ಎರಡು ಹಂತವಾಗಿ ಓದಿದರು: ಹಿಜ್ಕೀಯ ಬಲಿಯನ್ನು ನಿಲ್ಲಿಸಿದ, ಯೋಷೀಯ ಗುಡಿಯನ್ನೇ ಮುಚ್ಚಿದ. ಮುಂದೆ ದಾಖಲೆಗಳನ್ನು ಮರುಪರಿಶೀಲಿಸಿದ ಝೆಎವ್ ಹೆರ್ಝೋಗ್, ಎಲ್ಲವೂ ಎಂಟನೆಯ ಶತಮಾನದ ಕೊನೆಗೆ ಒಂದೇ ಸಲ ನಡೆಯಿತು, ಅದು ಹಿಜ್ಕೀಯನ ಸುಧಾರಣೆಯೇ ಎಂದರು. ಬೇರ್ಷೆಬದಲ್ಲಿ ಕೊಂಬುಗಳುಳ್ಳ ಬಲಿಪೀಠದ ಕಲ್ಲುಗಳನ್ನು ಬಿಡಿಸಿ ಗೋಡೆಗೆ ಸೇರಿಸಿದ್ದು ಸಿಕ್ಕಿರುವುದು ಇದಕ್ಕೆ ಪುಷ್ಟಿ ಕೊಡುತ್ತದೆ. ಸುಧಾರಣೆಯ ಕಥೆಯನ್ನು ನಂಬದವರು ಹೇಳುವುದು ಬೇರೆ: ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬನ ದಂಡು ಬರುವ ಮುನ್ನ ಪವಿತ್ರ ವಸ್ತುಗಳು ಹಗೆಯ ಕೈಸೇರದಿರಲೆಂದು ಹೂತಿಟ್ಟರು. ಭಕ್ತಿಯಿಂದ ಮಲಗಿಸಿದ ರೀತಿ ಈ ಕೊನೆಯ ವಾದಕ್ಕೆ ಒಪ್ಪುತ್ತದೆ. ಆದರೆ ಆಮೇಲೆ ಕೋಟೆಯನ್ನು ಮತ್ತೆ ಕಟ್ಟಿದಾಗಲೂ ಗುಡಿಯನ್ನು ಎಬ್ಬಿಸದಿದ್ದುದಕ್ಕೆ ಆ ವಾದದಲ್ಲಿ ಉತ್ತರ ಸಾಲದು. ಮುಚ್ಚಿದ ಕಾರಣ ಯಾವುದಿದ್ದರೂ, ಮತ್ತೆ ತೆರೆಯದಿರುವ ತೀರ್ಮಾನದ ಹಿಂದೆ ಬದಲಾದ ನಂಬಿಕೆಯಿತ್ತು ಎನ್ನುವುದೇ ಹೆಚ್ಚು ಸರಿ.

ಕ್ರಿ.ಪೂ. 600ರ ಹೊತ್ತಿಗೆ ಕೋಟೆಯ ಉಗ್ರಾಣ ಎಲ್ಯಾಷೀಬ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ದ್ರಾಕ್ಷಾರಸ, ಹಿಟ್ಟು, ಎಣ್ಣೆ ಕೊಡಿಸುವಂತೆ ಅವನಿಗೆ ಬಂದ ಓಲೆಗಳು ಮಡಕೆ ಚೂರುಗಳ ಮೇಲೆ ಉಳಿದಿವೆ. ಅವುಗಳಲ್ಲೊಂದು, ಯಾರೋ ಒಬ್ಬನ ವಿಷಯವಾಗಿ, ಅವನು ಯೆಹೋವನ ಆಲಯದಲ್ಲಿದ್ದಾನೆಂದು ತಿಳಿಸುತ್ತದೆ. ಅರಾದಿನ ಗುಡಿ ಮಣ್ಣಾಗಿ ಆಗಲೇ ನೂರು ವರ್ಷ ಕಳೆದಿತ್ತು. ಓಲೆ ಬರೆದವನು ಯಾವ ಊರಿನ ಆಲಯವೆಂದು ಹೇಳಿಲ್ಲ. ಯೆರೂಸಲೇಮಿನದೆಂದು ಬಿಡಿಸಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.